ಆಮಂತ್ರಣದಲ್ಲೊಂದು ಖಾಲಿ ಸಾಲು

ಉಡುಪಿಯ ನಿಲ್ದಾಣದಲ್ಲಿ ಬಸ್ಸಿನ ಹಣೆಯ ಮೇಲೆ ‘ಕಾರ್ಕಳ’ ಎಂದು ಬರೆದಿರುತ್ತದೆ, ಬಾಗಿಲಲ್ಲಿ ಜೋತುಬಿದ್ದ ಕಂಡಕ್ಟರು ತುಳುವಿನಲ್ಲಿ ‘ಕಾರ್ಲ, ಕಾರ್ಲ’ ಎಂದು ಕೂಗುತ್ತಿರುತ್ತಾನೆ, ನಾವು ಯಾವ ತಕರಾರೂ ಇಲ್ಲದೆ ಹತ್ತಿ ಸೀಟು ಹಿಡಿಯುತ್ತೇವೆ. ಇಂಥ ಉದಾರ ಸೀಮೆಯಲ್ಲಿ ಹುಟ್ಟಿದ ನನಗೆ, ಆಯುಷ್ಯವೆಲ್ಲ ಚರಿತ್ರೆಯ ಪಾಠ ಹೇಳಿದ ಮೇಲೂ, ಊರಿನ ಹೆಸರೊಂದು ಮದುವೆ ಮುರಿಯಬಲ್ಲದೆಂಬ ಜ್ಞಾನೋದಯವಾದದ್ದು ಮೊನ್ನೆ.

ಕಾರ್ಕಳದ ಪಕ್ಕದ ಕುಕ್ಕುಂದೂರಿನ ನನ್ನ ಅಕ್ಕನ ಮಗಳು ಮಣಿಪಾಲದಲ್ಲಿ ಓದುವಾಗ ಮೆಚ್ಚಿದ ಹುಡುಗನ ತಂದೆ ಜರ್ಮನ್, ತಾಯಿ ಪೋಲೆಂಡಿನವರು. ನಮ್ಮ ಕಡೆಯ ಆಮಂತ್ರಣ ಪತ್ರಿಕೆಯಲ್ಲಿ ವರನ ಹೆಸರಿನ ಕೆಳಗೆ ಮನೆತನದ ಊರು ಬರಲೇಬೇಕು; ಬಾರದಿದ್ದರೆ ಹುಡುಗ ಆಕಾಶದಿಂದ ಉದುರಿದವನೆಂದು ನೆಂಟರು ತೀರ್ಮಾನಿಸುತ್ತಾರೆ. ಪಂಡಿತನಾದ ನಾನು, ಮಾತುಕತೆಗೆ ಬಂದಿದ್ದ ಬೀಗರನ್ನು “ತಮ್ಮ ಮೂಲ ಯಾವುದು?” ಎಂದು ಗಂಭೀರವಾಗಿ ಕೇಳಿಬಿಟ್ಟೆ.

ತಂದೆ ‘ಶ್ಲೇಜಿಯನ್’ ಎಂದರು. ತಾಯಿ ‘ಶ್ಲೋಂಸ್ಕ್’ ಎಂದರು. ನಾಡು ಒಂದೇ, ಮಹಾಯುದ್ಧಕ್ಕೆ ಮೊದಲು ಬಹುಪಾಲು ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಯುದ್ಧ ಮುಗಿದಾಗ ಬೀಗರ ತಾಯಿಯನ್ನು ಅಲ್ಲಿಂದ ಒಂದು ಚೀಲದೊಡನೆ ಹೊರಡಿಸಿದ್ದರಂತೆ. ಬೀಗಿತ್ತಿಯ ತಾಯಿ ಪೂರ್ವದ ಬೇರೊಂದು ಕಡೆಯಿಂದ ಹೊರದಬ್ಬಿಸಿಕೊಂಡು ಬಂದು ಅಲ್ಲಿ ಬೇರೂರಿದವರು. ಒಂದು ಹೆಸರು ಅಚ್ಚಾದರೆ ಇನ್ನೊಬ್ಬರ ತಾಯಿ ಅಲ್ಲಿರಲೇ ಇಲ್ಲ ಎಂದಂತೆ. ನಾನು ಬಹಳ ಜಾಣನಾಗಿ ‘ಸಿಲೇಶಿಯಾ’ ಎಂಬ ಇಂಗ್ಲಿಷ್ ಹೆಸರನ್ನು ಮುಂದಿಟ್ಟೆ. ಇಬ್ಬರೂ ಒಟ್ಟಿಗೆ ನೋಡಿದ ನೋಟಕ್ಕೆ ನಾನು ತಟ್ಟೆಯ ನೀರುದೋಸೆಯತ್ತ ಬಗ್ಗಿದೆ. ಅವರ ನಡುವೆ ದನಿಗಳು ಏರಿದವು. ಕೊನೆಗೆ ತಾಯಿ, ಗಂಡ ಹೇಳುವ ಹೆಸರು ಬಿದ್ದರೆ ತಾನು ಮಂಟಪಕ್ಕೆ ಬರುವುದಿಲ್ಲವೆಂದು ಪೆಟ್ಟಿಗೆ ತುಂಬತೊಡಗಿದರು. ನಮ್ಮ ಹುಡುಗಿಯ ಮುಖ ನೋಡಲಾಗದೆ ನಾನು ಅಂಗಳಕ್ಕೆ ಹೋದೆ. ನಿಜವಾಗಿ ಹೆದರಿದ್ದೆ.

ಅಕ್ಕ ಹಿಂದೆಯೇ ಬಂದಳು. “ನಿನಗೆ ಎಂತ ಮಾರಾಯ, ಸುಮ್ಮನೆ ಕೂರ್ಲಿಕ್ಕೆ ಆಗುದಿಲ್ವಾ? ಆ ಸಾಲು ಖಾಲಿ ಬಿಡು. ಅವರ ಊರು ದೇವರಿಗೆ ಗೊತ್ತುಂಟು.”

ಹಾಗೆಯೇ ಅಚ್ಚಾಯಿತು. ಮೊದಲ ಪ್ರತಿಯನ್ನು ಉಡುಪಿಯಲ್ಲಿ ಕೃಷ್ಣನ ಮುಂದಿಡಲು ಹೋದಾಗ ಬೀಗರೂ ಬಂದರು; ಹೋಗುವಾಗ ಬಸ್ಸಿನಲ್ಲಿ ಗಂಡಹೆಂಡಿರು ಬೇರೆ ಬೇರೆ ಸೀಟು ಹಿಡಿದರು. ಪೆಟ್ಟಿಗೆ ಇನ್ನೂ ಬಿಚ್ಚಿರಲಿಲ್ಲವೆಂದು ನನಗೆ ಗೊತ್ತಿತ್ತು.

ಹಿಂತಿರುಗುವಾಗ ನಿಲ್ದಾಣದಲ್ಲಿ ಹುಡುಗನ ತಂದೆ ಬಸ್ಸಿನ ಬೋರ್ಡಿನ ಇಂಗ್ಲಿಷ್ ಅಕ್ಷರಗಳನ್ನು ಓದಿ, ಕಂಡಕ್ಟರನ ಕೂಗನ್ನು ಕೇಳಿ, ಇದು ನಮ್ಮ ಬಸ್ಸು ಹೌದೇ ಎಂದು ಕೇಳಿದರು. ಹೌದೆಂದೆ, ವ್ಯಾಖ್ಯಾನ ಮಾಡುವ ಚಪಲವನ್ನು ಆ ಒಂದು ಸಲ ನುಂಗಿಕೊಂಡೆ. ಅವರು ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ತಮ್ಮ ಚೀಲವಿಟ್ಟು, ಕೂರಲು ಬಂದವರಿಗೆಲ್ಲ ತಲೆಯಾಡಿಸಿ ಇಲ್ಲವೆಂದರು. ಹೆಂಡತಿ ಹತ್ತಿ ಆ ಸೀಟಿನ ಬಳಿಗೆ ಬಂದರು. ಗಂಡ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು.