ಆರುನೂರು ಮೀಟರು ಬೀಳುವ ಬೆಳಕು

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಹನೂರು ತಾಲ್ಲೂಕಿನ ರಾಮಾಪುರದ ಕಡೆ ಉಪ ವಲಯ ಅರಣ್ಯಾಧಿಕಾರಿಯಾಗಿದ್ದೆ. ಜನರ ಬಾಯಲ್ಲಿ ನಾವು ಈಗಲೂ ಫಾರೆಸ್ಟರುಗಳೇ. ನಿವೃತ್ತಿಗೆ ಇನ್ನೂ ಮೂರು ವರ್ಷವಿತ್ತು. ನನ್ನ ಮಂಡಿಗಳು ಮಾತ್ರ ಆಗಲೇ ನಿವೃತ್ತಿ ಕೇಳುತ್ತಿದ್ದವು. ರಾತ್ರಿ ಗಸ್ತಿಗೆ ನಮ್ಮ ಹತ್ತಿರ ಇದ್ದದ್ದು ಹಳೆಯ ಹಳದಿ ಬೆಳಕಿನ ಟಾರ್ಚುಗಳು. ನಾಲ್ಕು ಮಾರು ದೂರದಲ್ಲಿ ನಿಂತ ಆನೆಯೂ ಅದರಲ್ಲಿ ಬಂಡೆಯಂತೆ ಕಾಣುತ್ತಿತ್ತು. ಹುಡುಗರ ಗೋಳು ಕೇಳಿ ಕೇಳಿ ಸಾಕಾಗಿ, ಗಾರ್ಡ್ ಬಸವರಾಜುವನ್ನು ಕರೆದುಕೊಂಡು ಹೊಸ ಎಲ್‌ಇಡಿ ಟಾರ್ಚು ತರಲು ಕೊಳ್ಳೇಗಾಲಕ್ಕೆ ಹೋದೆ.

ಅಂಗಡಿಯವನು ಎಲ್ಲದಕ್ಕೂ ಲ್ಯುಮೆನ್ ಲೆಕ್ಕ ಹೇಳುತ್ತಿದ್ದ. ಲ್ಯುಮೆನ್ ಎಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು, ಅಷ್ಟೇ. ಆ ಬೆಳಕು ಎಲ್ಲಿ ಬೀಳುತ್ತದೆ ಎನ್ನುವುದು ಬೇರೆ ಮಾತು. ಹರಡಿಕೊಂಡು ಹತ್ತಿರದಲ್ಲೇ ಬಿದ್ದರೆ ಅದು ಫ್ಲಡ್. ಕೋಲಿನ ಹಾಗೆ ನೇರ ದೂರಕ್ಕೆ ಹೋದರೆ ಥ್ರೋ. ಆನೆ ತಿರುಗುವ ಕಾಡಿಗೆ ಥ್ರೋ ಬೇಕು, ಯಾಕೆಂದರೆ ಅದು ನಮ್ಮನ್ನು ಕಾಣುವ ಮೊದಲು ನಾವು ಅದನ್ನು ಕಾಣಬೇಕು. ಮಳೆಗೆ ನೆನೆದರೂ ಕೈಜಾರಿ ಬಿದ್ದರೂ ಕೆಡಬಾರದು. ಬ್ಯಾಟರಿ ಬಿಚ್ಚಿ ಬೇರೆ ಹಾಕುವಂತಿರಬೇಕು. ಒಳಗೇ ಕೂರಿಸಿದ ಬ್ಯಾಟರಿಯ ಟಾರ್ಚೊಂದನ್ನು ಅಂಗಡಿಯವನು ಮುಂದಿಟ್ಟಾಗ, "ಅರ್ಧ ದಾರಿಯಲ್ಲಿ ಚಾರ್ಜು ಮುಗಿದರೆ ಯಾವ ಮರಕ್ಕೆ ಪ್ಲಗ್ ಹಾಕಲಿ?" ಎಂದು ರೇಗಿದೆ. ಕೊನೆಗೆ ಸಾವಿರ ಲ್ಯುಮೆನ್ನಿನ, ಆರುನೂರು ಮೀಟರು ಬೀಳುವ, ಅಚ್ಚ ಬಿಳಿ ಬೆಳಕಿನ ಟಾರ್ಚು ಆರಿಸಿದೆ. ಅಂದು ಸಂಜೆ ಎದುರು ಗುಡ್ಡಕ್ಕೆ ಬಿಟ್ಟು ನೋಡಿದರೆ ಗಿಡದ ಎಲೆ ಎಲೆಯೂ ಬೇರೆಯಾಗಿ ಕಾಣುತ್ತಿತ್ತು. ನನ್ನ ಆಯ್ಕೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಆ ಬೆಳಕಿಗೆ ಮೊದಲು ಸಿಕ್ಕವನು ಪುಟ್ಟಮಾದಪ್ಪ. ಕಾಡಂಚಿನಲ್ಲಿ ರಾಗಿ ಹೊಲ ಇಟ್ಟುಕೊಂಡಿದ್ದ ಐವತ್ತು ದಾಟಿದ ಮನುಷ್ಯ. ಮೇಯಿಸುವುದು ನಿಷೇಧವಿದ್ದ ಜಾಗದಿಂದ ಕತ್ತಲಾದ ಮೇಲೆ ದನ ಹೊಡೆದುಕೊಂಡು ಹೊರಗೆ ಬರುತ್ತಿದ್ದ. ಬೆಳಕು ಮುಖಕ್ಕೆ ಬಿದ್ದಾಗ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತ. ನಾನು ಕೇಸು ಬರೆಯಲಿಲ್ಲ. "ಇನ್ನೊಂದು ಸಲ ಈ ಬೆಳಕಿಗೆ ಸಿಕ್ಕರೆ ಒಳಗೆ ಕಳಿಸುತ್ತೇನೆ, ನೋಡು" ಎಂದು ಗದರಿಸಿದೆ. "ಆಯ್ತು ಸಾ, ತಪ್ಪಾಯ್ತು" ಎಂದು ಹೋದ. ಅಂಥ ಮಾತು ಆಡದೆ ನಮ್ಮ ಕೆಲಸ ನಡೆಯುವುದಿಲ್ಲ.

ಚಳಿಗಾಲದ ಒಂದು ಸಂಜೆ ಅವನ ಮಗಳು ಶಿವಮ್ಮ ಏದುಸಿರು ಬಿಡುತ್ತಾ ನಮ್ಮ ಕಚೇರಿಗೆ ಬಂದಳು.

"ಗಬ್ಬದ ಅಸ ಕಾಡ್ಗೆ ನುಗ್ಬುಟ್ಟದೆ ಸಾ. ಅಪ್ಪ ಮಧ್ಯಾನ ಉಡಿಕ್ಕಂಡು ಓದೋನು ಇನ್ನೂ ಬಂದಿಲ್ಲ."

ಹಸು ನುಗ್ಗಿದ್ದೆಂದು ಅವಳು ಕೈ ತೋರಿಸಿದ ದಿಕ್ಕಿನಲ್ಲೇ ಮರಿಗಳಿದ್ದ ಆನೆ ಹಿಂಡು ಬೀಡುಬಿಟ್ಟಿತ್ತು. ಆರು ಜನ ಹೊರಟೆವು. ಕೂಗಿದರೆ ಹಿಂಡು ತಿರುಗಿಬೀಳುವ ಭಯ; ಹಾಗಾಗಿ ಬಾಯಿ ಬಿಡುವಂತಿರಲಿಲ್ಲ. ಬೆಳಕನ್ನೇ ಬೀಸುತ್ತಾ ಹೋದೆವು, ಎಲ್ಲಿದ್ದರೂ ಅದನ್ನು ಕಂಡು ಅವನು ದನಿ ಕೊಡುತ್ತಾನೆಂದು. ಇಳಿಜಾರು, ಹಳ್ಳ, ಲಂಟಾನ ಪೊದೆ, ಯಾವುದನ್ನೂ ಬಿಡಲಿಲ್ಲ. ಹಳ್ಳದ ದಡದಲ್ಲಿ ಬಸವರಾಜು ಬಹಳ ಹೊತ್ತು ಬೆಳಕು ಆಡಿಸಿದ. ಎಲೆ ಎಲೆಯೂ ಕಂಡಿತು, ಮನುಷ್ಯ ಕಾಣಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಕೊಂಬೆ ಮುರಿಯುವ ಸದ್ದು ಹತ್ತಿರವಾಗತೊಡಗಿತು. ಆರು ಜನರ ಜೀವ ನನ್ನ ಹೊಣೆಯಾಗಿತ್ತು, ಹಿಂದಿರುಗಿದೆವು.

ಆನೆ ಕಂದಕದ ಈಚೆ ಶಿವಮ್ಮ ಸೆರಗು ಹೊದ್ದು ಕಾಯುತ್ತಿದ್ದಳು. ನಮ್ಮ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು. ಆದರೂ ನಮಗೇ ಧೈರ್ಯ ಹೇಳಿದಳು.

"ನಿಮ್ ಬೆಳ್ಕು ಊರ್ಗೆಲ್ಲ ಕಾಣ್ತಿತ್ತು ಸಾ. ಅಪ್ಪಂಗೆ ಕಾಣ್ದೆ ಇದ್ದದಾ? ಕಂಡ್ರೆ ಎಂಗಾರ ಮಾಡಿ ಬತ್ತನೆ."

ಬೆಳಕು ಹರಿಯುತ್ತಲೇ ಮತ್ತೆ ಹೋದೆವು. ಬಸವರಾಜು ಟಾರ್ಚು ಆಡಿಸಿದ್ದ ಅದೇ ಹಳ್ಳದ ದಡದಲ್ಲಿ ಪುಟ್ಟಮಾದಪ್ಪ ಸಿಕ್ಕ. ಆನೆ ಎತ್ತಿ ಎಸೆದಿತ್ತು, ತೊಡೆ ಮುರಿದಿತ್ತು. ಅವನು ಬಿದ್ದದ್ದು ಬಯಲು ಬಂಡೆಯ ಮೇಲೆ. ಅಲ್ಲಿಂದ ಲಂಟಾನದ ಒಳಗಿನವರೆಗೆ, ಮೈ ಎಳೆದುಕೊಂಡು ಹೋದ ಜಾಡಿನುದ್ದಕ್ಕೂ ರಕ್ತ ಒಣಗಿತ್ತು. ಪೊದೆಯ ತೀರಾ ಒಳಗೆ, ತಲೆಯ ಮೇಲೆ ಕಂಬಳಿ ಎಳೆದುಕೊಂಡು ಮುದುಡಿದ್ದ. ಉಳಿದವರನ್ನು ದಡದಲ್ಲೇ ಬಿಟ್ಟು ನಾನೂ ಬಸವರಾಜುವೂ ಒಳಗೆ ನುಸುಳಿದೆವು. ಉಸಿರಿತ್ತು.

"ರಾತ್ರಿ ನಾವು ಇಲ್ಲೇ ಬಂದಿದ್ದೆವಲ್ಲೋ! ಒಂದು ದನಿ ಕೊಡಬಾರದಿತ್ತೇನೋ?" ಎಂದೆ.

"ಬೆಳ್ಕು ಕಂಡ್ತು ಸಾ" ಎಂದ. ಮತ್ತೆ ಉಸಿರು ಎಳೆದುಕೊಂಡು, "ನೀವೇ ಅಂತ ಗೊತ್ತಾಯ್ತು. ಅದ್ಕೇ ಒಳಿಕ್ಕೆ ಸರ್ಕಂಡೆ. ಕೇಸ್ ಆಕ್ಬ್ಯಾಡಿ ಸಾ... ಅಸ ಉಡ್ಕಕೆ ಬಂದಿದ್ದು."

ಆಮೇಲೆ ಅವನು ಮಾತಾಡಲಿಲ್ಲ. ಜೀಪು ಹನೂರು ದಾಟಿ ಕಾಮಗೆರೆಯ ಆಸ್ಪತ್ರೆ ಮುಟ್ಟುವ ಮೊದಲೇ, ಬಸವರಾಜುವಿನ ತೊಡೆಯ ಮೇಲೆ ತಲೆಯಿಟ್ಟು ಹೋಗಿಬಿಟ್ಟ. ರಕ್ತ ಬಹಳ ಹೋಗಿದೆ, ರಾತ್ರಿಯೇ ತಂದಿದ್ದರೆ ಉಳಿಯುತ್ತಿದ್ದನೇನೋ ಎಂದರು ಡಾಕ್ಟರು. ಬಸವರಾಜು ಆಸ್ಪತ್ರೆಯ ನಲ್ಲಿಯಲ್ಲಿ ಕೈ ತೊಳೆಯುತ್ತಾ ಬಿಕ್ಕಿ ಬಿಕ್ಕಿ ಅತ್ತ. ನನಗೆ ಅಳುವೂ ಬರಲಿಲ್ಲ. ಆನೆಗೆ ಸಿಕ್ಕವನು ಬದುಕಿದ್ದ. ನಮಗೆ ಹೆದರಿದ್ದಕ್ಕೆ ಸತ್ತ.

ಟಾರ್ಚಿನಲ್ಲಿ ದೋಷವಿರಲಿಲ್ಲ. ಆನೆ ಕಾಯುವುದಕ್ಕೆ, ಕಳ್ಳಬೇಟೆಯವರನ್ನು ಹಿಡಿಯುವುದಕ್ಕೆ ಇಂದು ಕೇಳಿದರೂ ಅದನ್ನೇ ಕೊಳ್ಳಿ ಎನ್ನುತ್ತೇನೆ. ಆದರೆ ಆ ರಾತ್ರಿ ನಾವು ಯಾರೆಂದು ಅದು ಪುಟ್ಟಮಾದಪ್ಪನಿಗೆ ಹೇಳಿತು, ಯಾಕೆ ಬಂದಿದ್ದೇವೆಂದು ಹೇಳಲಿಲ್ಲ. ಮುಂದೆ ಯಳಂದೂರು ಕಡೆಗೆ ವರ್ಗವಾದ ಮೇಲೆ ಹುಡುಕಾಟಕ್ಕೆಂದೇ ಸುತ್ತಲೂ ಹರಡುವ ಹಳದಿ ಬೆಳಕಿನ ಎಲ್‌ಇಡಿ ಲಾಟೀನು ತರಿಸಿದೆ. ಅದರ ಬೆಳಕು ಹತ್ತು ಹೆಜ್ಜೆ ದಾಟುವುದಿಲ್ಲ, ಹಿಡಿದವರ ಮುಖ ಮಾತ್ರ ದೂರಕ್ಕೂ ಕಾಣುತ್ತದೆ. ಅದನ್ನು ಕಳೆದುಹೋದವರ ಮನೆಯವರ ಕೈಗೆ ಕೊಟ್ಟು, ನಮ್ಮ ನಡುವೆ ನಡೆಸುತ್ತಿದ್ದೆ. ಬೆಟ್ಟದಲ್ಲಿ ಟೆಂಟು ಹಾಕಲು ಹೋಗುವ ಹುಡುಗರು ಈಗಲೂ ಯಾವ ಟಾರ್ಚು ಒಳ್ಳೆಯದೆಂದು ಕೇಳುತ್ತಾರೆ. ಥ್ರೋ, ಫ್ಲಡ್, ಬ್ಯಾಟರಿ ಎಲ್ಲ ಹೇಳುತ್ತೇನೆ. ಅದು ಎದುರಿಗಿರುವವನಿಗೆ ಹೇಗೆ ಕಾಣುತ್ತದೆಂದು ಒಮ್ಮೆ ಆಚೆ ನಿಂತು ನೋಡಿಬನ್ನಿ ಎಂದೂ ಹೇಳುತ್ತೇನೆ.

ನಿವೃತ್ತಿಯಾದ ಮೇಲೆ ಹನೂರಿನ ಬಸ್ ಸ್ಟ್ಯಾಂಡಿನಲ್ಲಿ ಶಿವಮ್ಮ ಸಿಕ್ಕಳು. ಅವಳೇ ಗುರುತು ಹಿಡಿದು ಮಾತಾಡಿಸಿದಳು, ಆರೋಗ್ಯ ವಿಚಾರಿಸಿದಳು. ಬಸ್ಸು ಬಂದಾಗ ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ಕೇಳಿದಳು:

"ಇನ್ನೂ ಒಸಿ ಜೋರಾದ ಬ್ಯಾಟ್ರಿ ಇದ್ದಿದ್ರೆ ಅಪ್ಪಂಗೆ ಕಾಣ್ತಿತ್ತು, ಅಲ್ವಾ ಸಾ?"

ಅವನ ಕೊನೆಯ ಮಾತು ಕೇಳಿದವರು ನಾನು ಮತ್ತು ಬಸವರಾಜು ಇಬ್ಬರೇ.

"ಹೂಂ ಕಣವ್ವ" ಎಂದೆ.