ದಾರಕ್ಕೆ ಕತ್ತು ಉಜ್ಜಿದ ಹೋರಿ

ಮಂಚ, ಒಲೆ ಎಲ್ಲ ಇರುವ ನನ್ನ ಹಳೇ ವ್ಯಾನು ಎಡಕ್ಕೇ ಎಳೆಯುತ್ತಿತ್ತು. ಮುಂದಿನ ಟೈರು ಒಂದು ಕಡೆ ಸವೆದಿತ್ತು. ಹಾಗೇ ಕುಮಿಳಿ ಘಾಟಿ ಹತ್ತುವ ಧೈರ್ಯವಾಗದೆ, ಬುಡದಲ್ಲಿರುವ ತಮಿಳು ಊರು ಗೂಡಲೂರಿನ ಗ್ಯಾರೇಜಿನಲ್ಲಿ ನಿಲ್ಲಿಸಿದೆ. ಮೆಕ್ಯಾನಿಕ್ ಹೊಸ ಟೈರು ಹಾಕಿ, ವ್ಯಾನಿನ ಎರಡೂ ಪಕ್ಕ ದಾರ ಬಿಗಿದು ಚಕ್ರಗಳ ಅಲೈನ್‌ಮೆಂಟ್ ನೋಡುತ್ತಿದ್ದರು. ಇನ್ನೇನು ಮುಗಿಯಿತು ಅನ್ನುವಾಗ ಭಾರೀ ಹೋರಿಯೊಂದು ಬಂದು ಆ ದಾರಕ್ಕೇ ಕತ್ತು ಉಜ್ಜತೊಡಗಿತು. ಓಡಿಸಲು ಕೈ ಎತ್ತಿದೆ.

"ಬ್ಯಾಡಣ್ಣಾ, ಅದು ನಮ್ ಸಾಮಿ ಹೋರಿ, ದೇವ್ರಿಗೆ ಬಿಟ್ಟಿದ್ದು," ಎಂದರು ಅವರು, ಕನ್ನಡದಲ್ಲೇ; ಆ ತಮಿಳು ಊರಿನಲ್ಲೂ ಅವರ ಮನೆಮಾತು ಅದೇ ಅಂತೆ. ಆಗಲೇ ಚಪ್ಪಲಿ ಬಿಟ್ಟು ಕೈ ಮುಗಿದಿದ್ದರು. ಇಡೀ ಬೀದಿ ನಿಂತಿತ್ತು, ಕುಮಿಳಿ ಬಸ್ಸೂ ಸೇರಿ. ಯಾವಾಗಲೋ ನಾನೂ ಶೂ ಬಿಚ್ಚಿದ್ದೆ.

ಹೋರಿ ತನ್ನ ಪಾಡಿಗೆ ಹೋಯಿತು. ಅವರು ಗೊಣಗದೆ ಮೊದಲಿನಿಂದ ದಾರ ಕಟ್ಟಿದರು.

ಘಾಟಿಯಲ್ಲಿ ವ್ಯಾನು ನೆಟ್ಟಗೆ ಹತ್ತಿತು. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ನಿಂತಾಗ ಮಾತ್ರ, ನನ್ನ ಕೈ ಹಾರ್ನ್ ಬಿಟ್ಟು ಶೂ ಲೇಸಿಗೆ ಹೋಗಿತ್ತು.