ರವೆಯಂಥ ಗುಳ್ಳೆಗಳು, ಹುಳಿಯಾರಿನ ಹೆಂಗಸು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಬೆಳಿಗ್ಗೆ ಹಸುಗಳ ಹಾಲು ಕರೆದು, ಡೈರಿಗೆ ಹಾಕಿ, ಮಾಯಸಂದ್ರದಲ್ಲಿ ಬಸ್ಸಿಗೆ ನೇತುಬಿದ್ದು ತುರುವೇಕೆರೆ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದವಳು. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೇನಿಲ್ಲ. ಈಗ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಗಂಡ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವರು. ತೋಟಗಳಲ್ಲಿ ಕಾಯಿ ಖರೀದಿಸಿ, ಅಟ್ಟದ ಮೇಲೆ ಹಾಕಿ, ಕೊಬ್ಬರಿ ಮಾಡಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ.

ಖರೀದಿಗೆ ಅವರು ಹೆಚ್ಚಾಗಿ ಹೋಗುವುದು ಹುಳಿಯಾರಿನ ಕಡೆಗೆ. ಅಲ್ಲಿ ಗಂಡ ತೀರಿಕೊಂಡ ಮೇಲೆ ತಾನೇ ತೋಟ ನಡೆಸುತ್ತಿರುವ ಒಬ್ಬ ಹೆಂಗಸಿದ್ದಾಳೆ. ಆಕೆಯನ್ನು ನಾನು ಕಂಡಿರಲಿಲ್ಲ. ಫೋನಿನಲ್ಲಿ ದನಿ ಕೇಳಿದ್ದೆ, ನಗು ಕೇಳಿದ್ದೆ. ಆ ನಗು ನನಗೆ ಸೇರುತ್ತಿರಲಿಲ್ಲ.

ಒಂದು ಸಂಜೆ ಬಚ್ಚಲುಮನೆಗೆ ಹೋದರೆ ಚಿಪ್ಪಿನೆಣ್ಣೆಯ ಕಮಟು. ತೆಂಗಿನ ಚಿಪ್ಪಿಗೆ ಬೆಂಕಿ ಹಚ್ಚಿ, ಹೊಗೆಯ ಮೇಲೆ ಕುಡುಗೋಲಿನ ಅಲಗು ಹಿಡಿದರೆ ಕಪ್ಪನೆಯ ಜಿಡ್ಡು ಇಳಿಯುತ್ತದೆ. ನಮ್ಮ ಕಡೆ ಹುಳುಕಡ್ಡಿಯಾದರೂ ಅದೇ, ನರುಳ್ಳೆಯಾದರೂ ಅದೇ. ಚರ್ಮದ ಮೇಲೆ ಏನೇ ಎದ್ದರೂ ಮೊದಲು ಹಚ್ಚುವುದು ಅದನ್ನೇ. ನನ್ನ ಗಂಡನ ಕೈಕಾಲಿನಲ್ಲಿ ಏನೂ ಇರಲಿಲ್ಲ. ಆದರೆ ಕಾಲು ಅಗಲಿಸಿ ನಡೆಯುತ್ತಿದ್ದರು, ಪ್ಯಾಂಟು ಬಿಟ್ಟು ಪಂಚೆ ಉಡುತ್ತಿದ್ದರು, ರಾತ್ರಿ ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಕೇಳಿದರೆ ಉಷ್ಣ ಎಂದರು. ನಾನು ಬಿಡಲಿಲ್ಲ. ಕೊನೆಗೆ ತೋರಿಸಿದರು.

ಶಿಶ್ನದ ಚರ್ಮದ ಮೇಲೆ ರವೆಯಷ್ಟು ಸಣ್ಣ, ಬಿಳಿಹಳದಿ ಗುಳ್ಳೆಗಳು. ಚರ್ಮ ಎಳೆದು ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತಿದ್ದವು. ಸುತ್ತ ಚಿಪ್ಪಿನೆಣ್ಣೆಗೆ ಸುಟ್ಟು ಕೆಂಪಗೆ ಸುಲಿದ ತೊಗಲು. ಉರಿಯುತ್ತದೆಯೇ ಎಂದು ನಾನು ಕೇಳಲಿಲ್ಲ. ಬಾಯಿಗೆ ಬಂದದ್ದು ಬೇರೆ.

“ಯಾರ್ ಹತ್ರ ಹೋಗಿದ್ರಿ?”

“ಯಾರ್ ಹತ್ರಾನೂ ಇಲ್ಲ ಕಣೇ. ಮೊದ್ಲಿಂದ್ಲೂ ಇದ್ವು. ಈಗ ಜಾಸ್ತಿ ಕಂಡಂಗಾಯ್ತು, ಹಚ್ಕಂಡೆ.”

ನಾನು ನಂಬಲಿಲ್ಲ. ಫೋನಿನಲ್ಲಿ ಹುಡುಕಿದೆ. ಅದು ಚಿತ್ರದ ಮೇಲೆ ಚಿತ್ರ ತೋರಿಸಿತು. ಹೆಂಗಸರ ಸಂಗದಿಂದ ಬರುವ ರೋಗಗಳೆಲ್ಲ ಅಲ್ಲಿದ್ದವು, ಒಂದೊಂದರಲ್ಲೂ ನನಗೆ ಹುಳಿಯಾರಿನ ತೋಟವೇ ಕಂಡಿತು. ಹುಳಿಯಾರಿಗೆ ಹೊರಡುವ ದಿನ ಇವರು ತಪ್ಪದೆ ಗಡ್ಡ ಹೆರೆದುಕೊಳ್ಳುತ್ತಾರೆ ಎಂಬುದು ಆಗ ಹೊಳೆಯಿತು. ಬಿಚ್ಚಿಟ್ಟ ಅಂಗಿಯನ್ನು ಮೂಸಿದೆ. ಬೆವರು, ಕೊಬ್ಬರಿ, ಅಷ್ಟೇ. ಅದರಿಂದಲೂ ಸಮಾಧಾನವಾಗಲಿಲ್ಲ, ಆಕೆಯ ಅಂಗಳದಲ್ಲೂ ಅದೇ ವಾಸನೆ ತಾನೇ ಇರುವುದು. ಶಾಲೆಯಲ್ಲಿ ಪಾಠ ಮಾಡುತ್ತಿದ್ದರೆ ಆಕೆ ಇವರಿಗೆ ಎಳನೀರು ಕೆತ್ತಿ ಕೊಡುವುದು ಕಣ್ಣಿಗೆ ಕಟ್ಟುತ್ತಿತ್ತು. ಡಾಕ್ಟರು ರೋಗ ಎಂದರೆ ಅಲ್ಲಿಂದಲೇ ತವರಿಗೆ ಹೋಗಿಬಿಡುವುದೆಂದು ಎರಡು ಸೀರೆ ಚೀಲಕ್ಕೆ ಹಾಕಿಕೊಂಡು, ಇವರನ್ನು ಕರೆದುಕೊಂಡು ತಿಪಟೂರಿನ ಚರ್ಮದ ಡಾಕ್ಟರ ಬಳಿಗೆ ಹೊರಟೆ.

ಗಂಡಸರ ವಿಷಯ, ಹೊರಗೆ ಕೂತಿರು ಎಂದು ಇವರು ಹೇಳಿದರೂ ನಾನು ಒಳಗೇ ನಿಂತೆ. ವಯಸ್ಸಾದ ಡಾಕ್ಟರು ಲೈಟು ಹಾಕಿ, ಭೂತಗನ್ನಡಿ ಹಿಡಿದು ನಿಧಾನವಾಗಿ ನೋಡಿದರು. ಮೊದಲು ಬೈದದ್ದು ಚಿಪ್ಪಿನೆಣ್ಣೆಗೆ. ಸುಟ್ಟ ಜಾಗಕ್ಕೆ ಮುಲಾಮು ಬರೆದರು, ಗುಳ್ಳೆಗಳಿಗೆ ಏನೂ ಬರೆಯಲಿಲ್ಲ. ಅವು ಚರ್ಮದ ಎಣ್ಣೆಗ್ರಂಥಿಗಳು, ಬೇರೆ ಕಡೆ ಕೂದಲಿನ ಬುಡದಲ್ಲಿ ಅಡಗಿರುತ್ತವೆ, ಇಲ್ಲಿ ಕೂದಲಿಲ್ಲದೆ ಬರಿದೇ ಇರುವುದರಿಂದ ಕಾಣುತ್ತವೆ, ಎಷ್ಟೋ ಜನಕ್ಕೆ ಇರುತ್ತವೆ ಎಂದರು. ಔಷಧ ಬೇಡ, ಹಿಸುಕಬಾರದು, ಚಿವುಟಬಾರದು. ನೋವು, ಹುಣ್ಣು, ನೀರುಗುಳ್ಳೆ, ರಕ್ತ ಬಂದರೆ, ಇಲ್ಲವೇ ಹೂಕೋಸಿನ ಹಾಗೆ ಗೊಂಚಲು ಬೆಳೆದರೆ ಅದು ಬೇರೆ ಮಾತು, ಆಗ ತಡಮಾಡದೆ ಬಂದು ತೋರಿಸಬೇಕು.

“ಹೆಂಗಸರಿಂದ ಅಂಟೋದಲ್ವಾ?” ಎಂದು ಕೇಳಿಯೇಬಿಟ್ಟೆ.

ಡಾಕ್ಟರು ಮೇಜಿನ ಮೇಲಿದ್ದ ಕನ್ನಡಿಯನ್ನು ನನ್ನ ಕೈಗೆ ಕೊಟ್ಟರು. “ಮೇಲ್ತುಟಿ ಸ್ವಲ್ಪ ಎಳೆದು ನೋಡಮ್ಮ.”

ನೋಡಿದೆ. ತುಟಿಯ ಅಂಚಿನಲ್ಲಿ ಅದೇ ಬಣ್ಣದ ಚುಕ್ಕೆಗಳು.

“ಅವೂ ಇವೇ. ನಿನಗೆ ಯಾರಿಂದ ಅಂಟ್ತು ಹೇಳು?”

ನನ್ನ ಗಂಡ ಪಂಚೆ ಸರಿಮಾಡಿಕೊಳ್ಳುತ್ತ ಗೋಡೆ ನೋಡುತ್ತಿದ್ದರು. ಚರ್ಮದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಎಣ್ಣೆಗ್ರಂಥಿಗೆ ಬಾಣದ ಗುರುತು ಹಾಕಿದ್ದೇನೆ. ಕಣ್ಣಾರೆ ಕಂಡಾಗ ಗೊತ್ತಾಗಲಿಲ್ಲ.

ಹೊರಗೆ ಬಂದ ಮೇಲೆ ಹಗುರಾಗಬೇಕಿತ್ತು. ಆಗಲಿಲ್ಲ. ಡಾಕ್ಟರು ನಿರ್ದೋಷಿ ಎಂದದ್ದು ಗುಳ್ಳೆಗಳನ್ನು. ಹುಳಿಯಾರಿನ ವಿಷಯ ಅವರಿಗೇನು ಗೊತ್ತು? ಅದನ್ನು ಹಾಗೆಯೇ ಗಂಡನಿಗೆ ಹೇಳಿದೆ. ಅವರು ರೇಗಲಿಲ್ಲ. “ಭಾನುವಾರ ನೀನೂ ಬಾ. ನೋಡ್ಕಂಡ್ ಬಾ” ಎಂದರು.

ಹೋದೆ, ಮದುವೆಗೆ ಉಡುವ ಸೀರೆ ಉಟ್ಟು. ಆಕೆ ನನಗಿಂತ ಹಿರಿಯಳು, ಒಣಕಲು ಮೈ, ನರೆತ ಕೂದಲು, ಎಲೆಅಡಿಕೆಯ ಬಾಯಿ. ಜಗಲಿ ಒರೆಸಿ ಚಾಪೆ ಹಾಸಿದಳು.

“ಬನ್ನಿ ಮೇಡಂ. ನಮ್ಮನೆಯೋರು ಡಿಗ್ರಿ ಮಾಡವ್ರೆ ಅಂತ ಈ ಸಾವ್ಕಾರ್ರು ಹೇಳ್ದೇ ಇರೋ ತೋಟಾನೇ ಇಲ್ಲ.”

ಕೇಳಿ ಹಿಗ್ಗಾಯಿತು. ಆದರೆ ಆ ಹಿಗ್ಗು ಟೀ ಬರುವವರೆಗೂ ಉಳಿಯಲಿಲ್ಲ. ನನ್ನ ಗಂಡ ಮಾತಿಗೆ ಕೂತರು. ತಿಪಟೂರಿನ ದಲ್ಲಾಳಿಯೊಬ್ಬ ಕೊಬ್ಬರಿಯನ್ನು ಕಿವಿಯ ಹತ್ತಿರ ಕುಲುಕಿ, ಒಣಗಿಲ್ಲವೆಂದು ಮುಖ ಕಿವುಚುವುದನ್ನು ಮಾಡಿ ತೋರಿಸಿದರು. ಕೈ, ಕಣ್ಣು, ಹುಬ್ಬು ಎಲ್ಲ ಮಾತಾಡುತ್ತಿದ್ದವು. ಆಕೆ ಹೊಟ್ಟೆ ಹಿಡಿದುಕೊಂಡು, “ಬುಡಿ ಸಾವ್ಕಾರ್ರೇ, ಸಾಕು” ಎಂದು ನಕ್ಕಳು. ಈ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ. ನಮ್ಮ ಮನೆಯಲ್ಲಿ ಇವರು ಊಟಕ್ಕೆ ಕೂತರೆ ಸಾರಿಗೆ ಉಪ್ಪು ಕಡಿಮೆ ಎಂದೂ ಹೇಳುವುದಿಲ್ಲ. ನನ್ನೆದುರಿಗೇ ಮುಚ್ಚುಮರೆಯಿಲ್ಲದೆ ನಕ್ಕ ಆಕೆ ಇವರನ್ನು ಮುಟ್ಟಿಲ್ಲವೆಂದು ಆ ಜಗಲಿಯಲ್ಲಿ ಕೂತೇ ನನಗೆ ಖಚಿತವಾಯಿತು. ಆದರೂ ಹೊಟ್ಟೆಯೊಳಗಿನ ಉರಿ ಮೊದಲಿಗಿಂತ ಹೆಚ್ಚೇ ಆಯಿತು.

ವಾಪಸ್ಸು ಬರುವಾಗ ಬೈಕಿನಲ್ಲಿ ಕೇಳಿದೆ, “ಆ ದಲ್ಲಾಳಿ ಕತೆ ನಂಗ್ಯಾಕ್ರೀ ಹೇಳ್ಲಿಲ್ಲ?”

ಬೈಕಿನ ವೇಗ ಇಳಿಸಿದರು. “ನೀನು ಮಧ್ಯದಲ್ಲೇ ತಿದ್ತೀಯ ಕಣೇ. ಗುಳ್ಳೆ ವಿಷ್ಯ ಹೇಳ್ದೇ ಇದ್ದಿದ್ದೂ ಅದಕ್ಕೇ. ಪಾಠ ಶುರು ಮಾಡ್ತೀಯ ಅಂತ.”

ಹಾಲು ಕರೆದ ಕೈಯಲ್ಲಿ ಪುಸ್ತಕ ಹಿಡಿದು ಕಲಿತದ್ದು ನಾನು. ತಪ್ಪು ಕಂಡರೆ ತಿದ್ದುವುದು ನನಗೆ ಉಸಿರಾಡಿದಷ್ಟು ಸಹಜ. ಅದನ್ನು ಬಿಟ್ಟುಕೊಡು ಎಂದರೆ ಸುಲಭವೇನಲ್ಲ. ಆದರೆ ಆ ಜಗಲಿಯನ್ನು ಆಕೆಗೇ ಬಿಟ್ಟುಕೊಡುವುದು ಇನ್ನೂ ಕಷ್ಟ.

“ಈಗ ಹೇಳಿ” ಎಂದೆ.

ಗಾಳಿಗೆ ಮುಖ ಓರೆ ಮಾಡಿಕೊಂಡು ಮತ್ತೆ ಮೊದಲಿನಿಂದ ಹೇಳಿದರು. ಒಂದು ಕಡೆ ತಪ್ಪು ಹೇಳಿದರು, ನಾನು ತಿದ್ದಲಿಲ್ಲ. ಆಕೆ ಎಲ್ಲಿ ನಕ್ಕಿದ್ದಳೋ ಅಲ್ಲಿ, ಆಕೆಗಿಂತ ಜೋರಾಗಿ ನಕ್ಕೆ.